ಯುದ್ಧ ತಪ್ಪಿಸ್ಕೊಂಡು ಬಂದೋರಿಗೆ ದೇಶ ಏನ್ ಮಾಡ್ಬೇಕು? ನಮ್ಮ ಜೆರಾಕ್ಸ್ ಅಂಗಡಿಲಿ ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ದು ಕುಶಾಲನಗರದಲ್ಲಿ ಜೆರಾಕ್ಸ್ ಅಂಗಡಿ. ಜೆರಾಕ್ಸು, ಲ್ಯಾಮಿನೇಷನ್ನು, ಪಾಸ್‌ಪೋರ್ಟ್ ಸೈಜ್ ಫೋಟೋ, ಆನ್‌ಲೈನ್ ಅರ್ಜಿ, ಇಷ್ಟೇ. ಕಾವೇರಿ ಹೊಳೆ ಈಚೆ ಕೊಡಗು, ಸೇತುವೆ ದಾಟಿದ್ರೆ ಕೊಪ್ಪ, ಅಂದ್ರೆ ಮೈಸೂರು ಜಿಲ್ಲೆ, ಅಲ್ಲಿಂದ ಮುಂದೆ ಬೈಲಕುಪ್ಪೆ ಟಿಬೇಟಿಯನ್ ಕ್ಯಾಂಪು. ಹಂಗಾಗಿ ನಮ್ಮ ಕೌಂಟರ್‌ಗೆ ಟಿಬೇಟಿನವರ ಆರ್‌ಸಿ (ವಿದೇಶಿಯರಿಗೆ ಕೊಡೋ ನೋಂದಣಿ ಪತ್ರ) ಬರತ್ತೆ, ತೋಟದ ಕೂಲಿಯವ್ರ ಲೈನ್‌ಮನೆಲಿರೋ ಅಸ್ಸಾಂ ಹುಡುಗರ ಆಧಾರ್ ಬರತ್ತೆ, 2018ರಲ್ಲಿ ಗುಡ್ಡ ಕುಸಿದಾಗ ನಮ್ಮೋರದೇ ಪಹಣಿ, ರೇಷನ್ ಕಾರ್ಡು ಒದ್ದೆ ಮುದ್ದೆಯಾಗಿ ಬಂತು. ಟಿವಿಲಿ ಉಕ್ರೇನು, ಸಿರಿಯಾ, ಸುಡಾನ್ ಅಂತ ಏನಾದ್ರೂ ಬಂದ ದಿನ ಕ್ಯೂನಲ್ಲಿ ನಿಂತೋರೆಲ್ಲ ಚರ್ಚೆ ಶುರು ಹಚ್ಕೋತಾರೆ, ನಾನು ಮಧ್ಯದಲ್ಲಿ ಬಾಯಿ ಹಾಕ್ತೀನಿ, ಕಾಪಿ ಎರಡು ಜಾಸ್ತಿ ಹೊಡ್ದಿರ್ತೀನಿ. ಒಂದೇ ಪ್ರಶ್ನೆಗೆ ನೂರು ಸಲ ಉತ್ತರ ಹೇಳೋ ಬದ್ಲು ಒಂದ್ಸಲ ಬರ್ದುಬಿಡೋಣ ಅಂತ ಇದು.

ನಿರಾಶ್ರಿತರು, ವಲಸೆಗಾರರು, ಸಂತ್ರಸ್ತರು, ಎಲ್ಲಾ ಒಂದೇ ತಾನೇ?

ಪೇಪರ್‌ನೋರು ಒಂದೇ ತರ ಬರೀತಾರೆ, ಆದ್ರೆ ಬೇರೆ ಬೇರೆ. ಕೆಲಸ ಹುಡುಕ್ಕೊಂಡು ಬಂದೋನು ವಲಸೆ ಬಂದೋನು, ಅವ್ನಿಗೆ ಊರ ದಾರಿ ತೆರೆದೇ ಇರತ್ತೆ, ಕಾಫಿ ಕುಯ್ಲು ಮುಗಿದ್ಮೇಲೆ ಟ್ರೈನ್ ಹತ್ತಿ ಹೋಗಿ ಮುಂದಿನ ವರ್ಷ ಮತ್ತೆ ಬರ್ತಾನೆ. ನಿರಾಶ್ರಿತ ಅಂದ್ರೆ ಸ್ವಂತ ದೇಶದ ಗಡಿ ದಾಟಿ ಬಂದೋನು, ವಾಪಸ್ ಹೋದ್ರೆ ಜೀವಕ್ಕೇ ಸಂಚಕಾರ. 1951ರ ಜಿನೀವಾ ಒಪ್ಪಂದದಲ್ಲಿ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಯಾವ್ದೋ ಒಂದು ಸಾಮಾಜಿಕ ಗುಂಪಿಗೆ ಸೇರಿರೋದು, ಈ ಐದರಲ್ಲಿ ಒಂದು ಕಾರಣಕ್ಕೆ ಕಿರುಕುಳದ ಭಯ ಇರ್ಬೇಕು ಅಂತ ಇದೆ. ಆ ಐದರಲ್ಲಿ ಯುದ್ಧ ಇಲ್ಲ ನೋಡಿ! ಬಾಂಬು ಬೀಳೋವಾಗ ನಿನ್ ಧರ್ಮ ಯಾವ್ದು, ನಿನ್ ಪಾರ್ಟಿ ಯಾವ್ದು ಅಂತ ಕೇಳಿ ಬೀಳಲ್ಲ, ಅದಕ್ಕೇ ಆಫ್ರಿಕಾ ದೇಶಗಳು 1969ರಲ್ಲಿ ತಮ್ದೇ ಒಂದು ಒಪ್ಪಂದ ಮಾಡ್ಕೊಂಡು ಹೊರಗಿನೋರ ದಾಳಿ, ಒಳಗಿನ ಗಲಭೆ ತಪ್ಪಿಸ್ಕೊಂಡು ಓಡಿ ಬಂದೋರೂ ನಿರಾಶ್ರಿತರೇ ಅಂತ ಸೇರ್ಸಿದ್ರು, ಲ್ಯಾಟಿನ್ ಅಮೆರಿಕಾದೋರು 1984ರಲ್ಲಿ ಹೆಚ್ಚುಕಡ್ಮೆ ಅದನ್ನೇ ಹೇಳಿದ್ರು. ಮಿಕ್ಕ ಕಡೆ ಈಗ್ಲೂ ಎಳೆದಾಟ ಇದೆ.

ಹಂಗಾದ್ರೆ 2018ರಲ್ಲಿ ನಮ್ಮೋರು?

ಕಾನೂನು ಲೆಕ್ಕದಲ್ಲಿ ನಿರಾಶ್ರಿತರಲ್ಲ, ಗಡಿ ದಾಟಿರ್ಲಿಲ್ಲ. ದೇಶದೊಳಗೇ ನೆಲೆ ಕಳ್ಕೊಂಡೋರು. ಪ್ರಪಂಚದಲ್ಲಿ ಇಂಥೋರೇ ಜಾಸ್ತಿ, 2024ರ ಕೊನೆಗೆ ಯುದ್ಧ, ಹಿಂಸೆ, ಕಿರುಕುಳದಿಂದ ಮನೆ ಬಿಟ್ಟೋರು ಒಟ್ಟು 12 ಕೋಟಿಗೂ ಮೇಲೆ, ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸ್ವಂತ ದೇಶದಲ್ಲೇ ಇದ್ದಾರೆ.

ಆದ್ರೂ ನಿರಾಶ್ರಿತರ ಬಗ್ಗೆ ನಂಗೆ ಏನಾದ್ರೂ ಗೊತ್ತಾಗಿದ್ರೆ ಅದು ಆ ಆಗಸ್ಟ್‌ನಲ್ಲೇ. ಗಂಜಿ ಕೇಂದ್ರದಿಂದ ಒಬ್ರು ಅಜ್ಜಿ ಬಂದ್ರು, ಮಕ್ಕಂದೂರು ಕಡೆಯೋರು, ಕಾಲಿಗೆ ಯಾರ್ದೋ ಚಪ್ಪಲಿ, ಸೊಂಟದಲ್ಲಿ ಸಿಕ್ಕಿಸ್ಕೊಂಡಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚಿದ್ರೆ ಪಹಣಿ, ಕಂದಾಯ ರಸೀದಿ, ಗಂಡನ ಮರಣ ಪ್ರಮಾಣ ಪತ್ರ, ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ದೋಸೆ ತರ ಆಗಿತ್ತು. ನಾನು ಮನೆಯಿಂದ ಇಸ್ತ್ರಿ ಪೆಟ್ಟಿಗೆ ತರ್ಸಿ, ನ್ಯೂಸ್‌ಪೇಪರ್ ಮಧ್ಯೆ ಇಟ್ಟು ಒಂದೊಂದೇ ಹಾಳೆ ಒಣಗ್ಸಿ ಕಾಪಿ ತೆಗ್ದೆ. ತೋಟಾನೇ ಹೊಳೆಗೆ ಹೋಗಿದೆ, ಪಹಣಿಲಿ ಮಾತ್ರ ಎರಡೂವರೆ ಎಕರೆ ಕಾಫಿ ಹಾಗೇ ಇದೆ. ಅಜ್ಜಿ ಊಟ ಕೇಳ್ಲಿಲ್ಲ, ಬಟ್ಟೆ ಕೇಳ್ಲಿಲ್ಲ, ಹೊರಗಡೆ ಲಾರಿ ಲೋಡು ಬಟ್ಟೆ ಬಂದು ಬಿದ್ದಿತ್ತು, ಹರಿದ ನೈಟಿ, ಮದುವೆ ಕೋಟು, ಏನೇನೋ. ಅವ್ರು ಕೇಳಿದ್ದು ಒಂದೇ, "ಇದು ಇದ್ರೆ ನಾನೇ ಅಂತ ನಂಬ್ತಾರಾ ಮಗಾ?" ಅಂತ. ದೇಶ ದಾಟಿ ಬಂದೋರ್ದೂ ಇದೇ ಪ್ರಶ್ನೆ, ಅವ್ರ ಹತ್ರ ಎಷ್ಟೋ ಸಲ ಆ ಕವರ್ರೂ ಇರಲ್ಲ ಅಷ್ಟೇ.

ಬಂದೋರ್ನೆಲ್ಲ ಒಳಗೆ ಬಿಟ್ಕೊಳ್ಲೇಬೇಕು ಅಂತ ಕಾನೂನಿದ್ಯಾ?

ಬಂದೋರಿಗೆಲ್ಲ ಪೌರತ್ವ ಕೊಡಿ ಅಂತ ಯಾವ ಕಾನೂನೂ ಹೇಳಲ್ಲ. ಹೇಳೋದು ಒಂದು ಮಾತು, ಸಾವಿನ ಬಾಯಿಗೆ ವಾಪಸ್ ನೂಕ್ಬೇಡಿ. 1951ರ ಒಪ್ಪಂದದ 33ನೇ ವಿಧಿ ಅದು.

ಈ ನಿಯಮ ಸುಮ್ನೆ ಹುಟ್ಟಿದ್ದಲ್ಲ. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಅನ್ನೋ ಊರಲ್ಲಿ 32 ದೇಶದೋರು ಸೇರಿದ್ರು, ಹಿಟ್ಲರ್ ಕೈಯಿಂದ ತಪ್ಪಿಸ್ಕೊಳ್ತಿರೋ ಯಹೂದಿಗಳನ್ನ ಯಾರು ತಗೋತೀರಿ ಅಂತ ಮಾತಾಡೋಕೆ. ಎಲ್ರೂ ಅಯ್ಯೋ ಪಾಪ ಅಂದ್ರು, ಹೆಚ್ಚಿನೋರು ಜಾಗ ಇಲ್ಲ ಅಂತ ಕೈ ತೊಳ್ಕೊಂಡ್ರು. ಮಾರನೇ ವರ್ಷ ಸೇಂಟ್ ಲೂಯಿಸ್ ಅನ್ನೋ ಹಡಗು 900ಕ್ಕೂ ಹೆಚ್ಚು ಜನರನ್ನ ತುಂಬ್ಕೊಂಡು ಕ್ಯೂಬಾಗೆ ಹೋಯ್ತು, ಹೆಚ್ಚಿನೋರನ್ನ ಇಳ್ಸಿಕೊಳ್ಲಿಲ್ಲ, ಅಮೆರಿಕಾ ಬೇಡ ಅಂತು, ಕೆನಡಾ ಬೇಡ ಅಂತು, ವಾಪಸ್ ಯುರೋಪಿಗೆ. ಅದ್ರಲ್ಲಿ 254 ಜನ ಆಮೇಲೆ ನಾಜಿಗಳ ಕೈಲಿ ಸತ್ರು. ಅವ್ರ ಹತ್ರ ಟಿಕೆಟ್ಟೂ ಇತ್ತು, ಕ್ಯೂಬಾಗೆ ಇಳಿಯೋ ಕಾಗದಾನೂ ಇತ್ತು, ಹಡಗು ಬರೋ ಹೊತ್ತಿಗೆ ಅಲ್ಲಿನ ಸರ್ಕಾರ ಆ ಕಾಗದ ನಡಿಯಲ್ಲ ಅಂತು.

ನಮ್ಮ ದೇಶ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅದಕ್ಕೆ ಆಮೇಲೆ ಸೇರ್ಸಿದ 1967ರ ಪ್ರೋಟೋಕಾಲ್‌ಗೂ ಇಲ್ಲ. ಹಂಗಂತ ಕಾನೂನೇ ಇಲ್ಲ ಅನ್ನೋಕಾಗಲ್ಲ. 1996ರಲ್ಲಿ ಅರುಣಾಚಲದ ಚಕ್ಮಾಗಳ (ಪೂರ್ವ ಪಾಕಿಸ್ತಾನದಿಂದ ಬಂದೋರು) ಕೇಸಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 21ನೇ ವಿಧಿ, ಅಂದ್ರೆ ಬದುಕೋ ಹಕ್ಕು, ಪ್ರಜೆಗಳಲ್ಲದೋರಿಗೂ ಇದೆ ಅಂತ ಹೇಳ್ತು.

ಶ್ರೀಮಂತ ದೇಶಗಳು ಇಟ್ಕೊಳ್ಲಿ, ಬಡವ್ರ ಮೇಲೆ ಯಾಕೆ ಹೊರೆ?

ಇದನ್ನ ಕೇಳೋರು ಈಗ ಶ್ರೀಮಂತ ದೇಶಗಳೇ ಎಲ್ರನ್ನೂ ಸಾಕ್ತಿವೆ ಅಂದ್ಕೊಂಡಿರ್ತಾರೆ. ಉಲ್ಟಾ. ನಿರಾಶ್ರಿತರಲ್ಲಿ ಮುಕ್ಕಾಲು ಭಾಗದ ಹತ್ರ ಹತ್ರ ಜನ ಇರೋದು ಬಡ, ಮಧ್ಯಮ ಆದಾಯದ ದೇಶಗಳಲ್ಲಿ, ಹೆಚ್ಚಿನೋರು ಪಕ್ಕದ ದೇಶಕ್ಕಷ್ಟೇ ಹೋಗಿರ್ತಾರೆ. ಓಡೋವಾಗ ಯಾರೂ ವಿಮಾನದ ಟೈಮ್ ನೋಡಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧ ಶುರು ಆದಾಗ ಲಕ್ಷಗಟ್ಲೆ ಜನ ಹೋಗಿದ್ದು ಪಕ್ಕದ ಚಾಡ್‌ಗೆ, ಅದು ತಾನೇ ಕಡು ಬಡ ದೇಶ.

ಸಿರಿಯಾ ಪಕ್ಕದ ಲೆಬನಾನ್ ಲೆಕ್ಕ ಹೇಳ್ತೀನಿ. ವಿಸ್ತೀರ್ಣ ಸುಮಾರು 10,400 ಚದರ ಕಿಲೋಮೀಟರು, ಅಂದ್ರೆ ಎರಡೂವರೆ ಕೊಡಗು, ಅಷ್ಟೇ ಕಣ್ರೀ. ಸಿರಿಯಾ ಯುದ್ಧ ಜೋರಾಗಿದ್ದಾಗ ಅಲ್ಲಿ ನಾಲ್ಕೈದು ಜನಕ್ಕೆ ಒಬ್ಬ ನಿರಾಶ್ರಿತ. 2011ರ ಜನಗಣತಿಲಿ ನಮ್ಮ ಜಿಲ್ಲೆ ಜನಸಂಖ್ಯೆ ಐದೂವರೆ ಲಕ್ಷ. ಹೆಚ್ಚೂಕಡ್ಮೆ ಒಂದೂವರೆ ಲಕ್ಷ ಜನ ಎರಡು ಮೂರು ವರ್ಷದಲ್ಲಿ ಬಂದು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಲೆಲ್ಲ ಇಳ್ಕೊಂಡ್ರು ಅಂತ ಅಂದ್ಕೊಳಿ. ವೀಕೆಂಡ್ ಟೂರಿಸ್ಟ್‌ಗಳಿಗೇ ನಮ್ಗೆ ಕುಡಿಯೋ ನೀರಿಂದ ಹಿಡ್ದು ಪಾರ್ಕಿಂಗ್ ತನ್ಕ ತಲೆ ಕೆಡತ್ತೆ. ಹಂಗಾಗಿ ಲೆಬನಾನಿನೋರು ಬೇಜಾರಾಗಿದ್ರೆ ನಾನು ಬೈಯಲ್ಲ, ಹೊರಗಿಂದ ದುಡ್ಡು ಸರಿಯಾಗಿ ಕಳಿಸ್ದೆ ಬುದ್ಧಿ ಹೇಳಿದೋರ್ನ ಬೈತೀನಿ.

ನಾವೂ ಹೊತ್ತಿದೀವಿ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಹತ್ತಿರ ಹತ್ತಿರ 1 ಕೋಟಿ ಜನ ಬಂದ್ರು. ಆಗ ಅಂಚೆ ಮೇಲೆ 5 ಪೈಸೆ ನಿರಾಶ್ರಿತರ ಪರಿಹಾರ ತೆರಿಗೆ ಹಾಕಿದ್ರು, ಕಾಗದಕ್ಕೆ ಮಾಮೂಲಿ ಸ್ಟಾಂಪ್ ಜೊತೆ ಇನ್ನೊಂದು ಪುಟ್ಟ ಸ್ಟಾಂಪ್ ಅಂಟಿಸ್ಬೇಕಿತ್ತು. ನಮ್ಮಪ್ಪನ ಹಳೇ ಟ್ರಂಕಲ್ಲಿ ಅಂಥ ಒಂದು ಕವರ್ ಇದೆ. ಹೊರೆ ಹಂಚ್ಕೊಳೋದು ಅಂದ್ರೆ ನಂಗೆ ಅದೇ ನೆನಪಾಗೋದು, ಭಾಷಣ ಬೇಡ, ಕಾಗದಕ್ಕೆ ಐದು ಪೈಸೆ.

ಬೈಲಕುಪ್ಪೆಲಿ ಎಲ್ಲಾ ಸರಿ ಹೋಯ್ತಲ್ಲ, ಅದು ಹೆಂಗೆ?

ಪೂರ್ತಿ ಸರಿ ಹೋಗಿಲ್ಲ, ಆದ್ರೆ ಬೇಕಾದಷ್ಟು ಕಡೆಗಿಂತ ವಾಸಿ. 1959ರ ಮಾರ್ಚ್‌ನಲ್ಲಿ ದಲಾಯಿ ಲಾಮಾ ಟಿಬೇಟ್ ಬಿಟ್ಟು ಹೊರಟ್ರು, ಹಿಂದೇನೇ ಸುಮಾರು 80 ಸಾವಿರ ಜನ. ಮೊದ್ಲು ಹಿಮಾಲಯದ ಕಡೆ ರಸ್ತೆ ಕೆಲಸಕ್ಕೆ ಹಾಕಿದ್ರು, ಎಷ್ಟೋ ಜನ ಅಲ್ಲೇ ಸತ್ರು. ಆಮೇಲೆ ಕೇಂದ್ರ ಸರ್ಕಾರ ರಾಜ್ಯಗಳನ್ನ ಜಾಗ ಕೇಳ್ತು, ಆಗಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3000 ಎಕರೆ ಕಾಡು ಜಮೀನು ಕೊಟ್ಟು, 1960ರ ಕೊನೆಯಿಂದ ಜನ ಬರೋಕೆ ಶುರು ಆದ್ರು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ.

ಈಗ ಬೈಲಕುಪ್ಪೆ ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತಗೊಳೋರಿಗೆ ಗೊತ್ತಾಗಲ್ಲ, ಆಗ ಅದು ಬಿದಿರು ಮೆಳೆ, ಆನೆ ಜಾಗ. ಹಿಮದಲ್ಲಿದ್ದೋರು ನಮ್ಮ ಏಪ್ರಿಲ್ ಸೆಖೆಗೆ ಬಂದು ಬಿದ್ದು, ಕಾಡು ಕಡ್ದು ಸುಟ್ಟು, ಕಾಯಿಲೆ ಬಿದ್ದು, ಆನೆ ಕಾಲಿಗೆ ಸಿಕ್ಕಿ ಒದ್ದಾಡಿದ್ದಾರೆ. ನಮ್ಮ ಅಂಗಡಿಗೆ ಬರ್ತಿದ್ದ ಒಬ್ರು ಟಿಬೇಟಿಯನ್ ತಾತ, ಈಗಿಲ್ಲ, ಅಪ್ಪಟ ಪಿರಿಯಾಪಟ್ಟಣದ ಕನ್ನಡದಲ್ಲಿ "ಮೊದ್ಲ್ ವರ್ಷ ಜೋಳ ನಾವ್ ಬಿತ್ತಿದ್ವಿ, ಆನೆ ತಿಂತು ಸ್ವಾಮಿ" ಅಂತಿದ್ರು, ಜೋಳ ಅಂದ್ರೆ ಮುಸುಕಿನ ಜೋಳ. ಮಾತಾಡ್ತಾ ಬಲಗೈಲಿ ತಮಟೆ ಬಡಿಯೋ ತರ ಮಾಡೋರು, ಆನೆ ಓಡ್ಸೋಕೆ ಡಬ್ಬ ಬಡೀತಿದ್ದಿದ್ದು ಕೈಗೆ ಅಭ್ಯಾಸ ಆಗ್ಬಿಟ್ಟಿತ್ತು.

ಯಾಕೆ ನಿಂತ್ಕೊಂಡ್ರು ಅಂದ್ರೆ, ನನ್ನ ಲೆಕ್ಕದಲ್ಲಿ ಮೂರು ವಿಷ್ಯ, ಅದ್ರಲ್ಲಿ ಮೊದಲ್ನೇದೇ ಮುಖ್ಯ. ಉಳೋಕೆ ಭೂಮಿ ಕೊಟ್ರು, ಬರೀ ಅಕ್ಕಿ ಕೊಡ್ಲಿಲ್ಲ. ಸಹಕಾರ ಸಂಘ ಕಟ್ಕೊಂಡು ಟ್ರ್ಯಾಕ್ಟರ್ ತಗೊಂಡ್ರು, ಮುಸುಕಿನ ಜೋಳ ಬೆಳೆದ್ರು, ಬೆಳೆ ಮುಗಿದ್ಮೇಲೆ ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರೋಕೆ ಹೋದ್ರು. ಮಕ್ಕಳಿಗೆ ಶಾಲೆ ತಕ್ಷಣ ಶುರು ಆಯ್ತು, ಕೇಂದ್ರ ಸರ್ಕಾರ 1961ರಲ್ಲೇ ಟಿಬೇಟಿಯನ್ ಶಾಲೆಗಳಿಗೆ ಅಂತ ಬೇರೆ ಆಡಳಿತ ಮಾಡ್ತು. ಇನ್ನೊಂದು, ಕೈ ಹಿಡಿಯೋಕೆ ಸಂಸ್ಥೆಗಳಿದ್ವು. ನಮ್ಮ ಕಡೆ ಎಲ್ರಿಗೂ ಗೊತ್ತಿರೋ ಮೈರಾಡ 1968ರಲ್ಲಿ ಹುಟ್ಟಿದ್ದೇ ಟಿಬೇಟಿನವರ ಪುನರ್ವಸತಿಗೆ, ಹಳ್ಳಿ ಸ್ವಸಹಾಯ ಸಂಘದ ಕೆಲಸ ಎಲ್ಲಾ ಆಮೇಲಿಂದು.

ಸುತ್ತಮುತ್ತ ಊರಿನೋರಿಗೆ ಹೊಟ್ಟೆ ಉರಿ ಇರ್ಲಿಲ್ವಾ ಅಂದ್ರೆ ಇತ್ತು, ಈಗ್ಲೂ ಇದೆ. ನಮ್ಗೆ ಭೂಮಿ ಇಲ್ಲ, ಅವ್ರಿಗೆ ಕೊಟ್ರು ಅಂತ. ಆ ಮಾತಲ್ಲಿ ಸತ್ಯಾನೂ ಇದೆ, ಅಲ್ಲೇ ಕಾಡಂಚಲ್ಲಿದ್ದ ಹಾಡಿ (ಆದಿವಾಸಿ) ಜನರಿಗೆ ಎಷ್ಟೋ ವರ್ಷ ಹಕ್ಕುಪತ್ರ ಸಿಗ್ಲಿಲ್ಲ. ಆದ್ರೆ ಕುಶಾಲನಗರ ಪೇಟೆಲಿ ಒಂದು ದಿನ ಕೂತು ನೋಡಿ, ತರಕಾರಿ, ಹಾರ್ಡ್‌ವೇರು, ಆಟೋ, ಲಾಡ್ಜು, ಅರ್ಧ ವ್ಯಾಪಾರ ಹೊಳೆ ಆಚೆಯಿಂದ ಬರತ್ತೆ, ನನ್ ಅಂಗಡಿದೂ ಸೇರ್ಸಿ.

ಮತ್ತೆ ಸರಿ ಹೋಗಿಲ್ಲ ಅಂದ್ರಲ್ಲ, ಏನು?

ಆರ್‌ಸಿ. ನಮ್ಗೆ ಆರ್‌ಸಿ ಅಂದ್ರೆ ಗಾಡಿದು, ಅವ್ರಿಗೆ ಮನುಷ್ಯಂದು. ಇಲ್ಲೇ ಹುಟ್ಟಿ, ಇಲ್ಲೇ ಓದಿ, ದರ್ಶನ್ ಪಿಚ್ಚರ್ ಮೊದಲ್ನೇ ಶೋ ನೋಡೋ ಹುಡುಗನೂ ಕಾಗದದಲ್ಲಿ ವಿದೇಶಿ, ಆಗಾಗ ರಿನ್ಯೂವಲ್ ಮಾಡಿಸ್ಬೇಕು. ಸ್ವಂತ ಹೆಸರಲ್ಲಿ ಜಮೀನು ತಗೊಳೋದು, ಸರ್ಕಾರಿ ಕೆಲಸ, ವಿದೇಶಕ್ಕೆ ಹೋಗೋದು ಎಲ್ಲಾದ್ರಲ್ಲೂ ತೊಡಕು. 1987ರ ಜುಲೈ 1ಕ್ಕೆ ಮೊದ್ಲು ಇಲ್ಲಿ ಹುಟ್ಟಿದೋರು ಹುಟ್ಟಿನಿಂದಲೇ ಭಾರತೀಯರು ಅಂತ ದಿಲ್ಲಿ ಹೈಕೋರ್ಟು 2010ರಲ್ಲಿ ಒಬ್ರು ಟಿಬೇಟಿಯನ್ ಹೆಣ್ಮಗಳ ಕೇಸಲ್ಲಿ ಹೇಳ್ತು. ಕೆಲವ್ರು ಪಾಸ್‌ಪೋರ್ಟ್ ಮಾಡ್ಸಿಕೊಂಡ್ರು, ಕೆಲವ್ರು ಬೇಡ ಅಂದ್ರು, ಪಾಸ್‌ಪೋರ್ಟ್ ಆದ್ರೆ ಟಿಬೇಟ್ ಕೈ ಬಿಟ್ಟ ಹಾಗೆ ಅಂತ ಅವ್ರ ಮನೆಲೇ ಜಗಳ. ಒಬ್ಬ ಹುಡುಗ ಫಾರಂ ತುಂಬ್ಸಿಕೊಂಡು, ಫೋಟೋ ಅಂಟ್ಸಿ, ಸಹಿ ಮಾಡ್ದೆ ಕವರಲ್ಲಿ ಹಾಕ್ಕೊಂಡು ಹೋದ. ಅಮ್ಮನ ಹತ್ರ ಕೇಳ್ಬೇಕು ಅಂದ. ಮೂವತ್ತು ವರ್ಷದ ಮೇಲಿನ ಗಂಡಸು.

ಕ್ಯಾಂಪ್ ಮಾಡಿ ಊಟ ಕೊಟ್ಟು ಒಂದ್ಕಡೆ ಇಡೋದು ಒಳ್ಳೇದಲ್ವಾ?

ಮೊದಲ್ನೇ ತಿಂಗಳು ಒಳ್ಳೇದು, ಹತ್ತನೇ ವರ್ಷ ಜೈಲು. ಕೀನ್ಯಾದ ದಾದಾಬ್ ಕ್ಯಾಂಪು 1991ರಲ್ಲಿ ಸೊಮಾಲಿಯಾ ಜನಕ್ಕೆ ಅಂತ ಶುರು ಆಗಿದ್ದು, ಅಲ್ಲೇ ಹುಟ್ಟಿದೋರ ಮಕ್ಕಳೂ ಅಲ್ಲೇ ಇದ್ದಾರೆ, ಹೊರಗೆ ಹೋಗೋಕೆ ಪಾಸು ಬೇಕು. ಬಾಂಗ್ಲಾದ ಕಾಕ್ಸ್ ಬಜಾರಲ್ಲಿ 2017ರ ಆಗಸ್ಟ್‌ನಿಂದ ಕೆಲವೇ ತಿಂಗಳಲ್ಲಿ ಮ್ಯಾನ್ಮಾರಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಬಂದ್ರು, ಕ್ಯಾಂಪಿಂದ ಹೊರಗೆ ಕೆಲಸ ಮಾಡೋ ಹಾಗಿಲ್ಲ, ಹಂಗಾಗಿ ಹೊಟ್ಟೆ ಪೂರ್ತಿ ಹೊರಗಿನ ದೇಣಿಗೆ ಮೇಲೆ. ತಿಂಗಳಿಗೆ ತಲೆಗೆ 12 ಡಾಲರ್ ಇದ್ದ ರೇಷನ್ 2023ರಲ್ಲಿ 8 ಡಾಲರ್‌ಗೆ ಇಳೀತು. ಟಿವಿಲಿ ಬೇರೆ ಯುದ್ಧ ಬಂದ್ರೆ ಇವ್ರ ತಟ್ಟೆಲಿ ಅನ್ನ ಕಮ್ಮಿ ಆಗತ್ತೆ.

ಉಗಾಂಡಾ ಬೇರೆ ದಾರಿ ಹಿಡೀತು. 2006ರ ಕಾನೂನಲ್ಲಿ ನಿರಾಶ್ರಿತರು ಕೆಲಸ ಮಾಡ್ಬೋದು, ಓಡಾಡ್ಬೋದು ಅಂತ ಇಟ್ರು, ತುಂಡು ಭೂಮಿ ಕೊಡ್ತಾರೆ, ಕ್ಲಿನಿಕ್ಕು ಶಾಲೆ ಊರಿನೋರಿಗೂ ಇವ್ರಿಗೂ ಒಂದೇ. ಕೊನೇ ಮಾತನ್ನ ಗಮನಿಸಿ, ಬಂದೋರಿಗೆ ಬೋರ್‌ವೆಲ್ ಕೊರ್ಸಿದ್ರೆ ಪಕ್ಕದ ಹಳ್ಳಿಗೂ ನಲ್ಲಿ ಎಳೀಬೇಕು, ಅರ್ಧ ಜಗಳ ಅಲ್ಲೇ ನಿಲ್ಲತ್ತೆ. 15 ಲಕ್ಷಕ್ಕೂ ಹೆಚ್ಚು ಜನರಾದ್ಮೇಲೆ ಅಲ್ಲೂ ತುಂಡು ಚಿಕ್ಕದಾಗ್ತಾ ಇದೆ, ದುಡ್ಡು ಸಾಲ್ತಿಲ್ಲ, ಅದನ್ನೂ ಹೇಳ್ಬೇಕು.

ಯುರೋಪ್ 2022ರಲ್ಲಿ ಇನ್ನೂ ಸಲೀಸಾಗಿ ಮಾಡ್ತು. ಫೆಬ್ರವರಿ 24ಕ್ಕೆ ಉಕ್ರೇನ್ ಮೇಲೆ ರಷ್ಯಾ ದಾಳಿ, ಮಾರ್ಚ್ 4ಕ್ಕೆ ತಾತ್ಕಾಲಿಕ ರಕ್ಷಣೆ ಅನ್ನೋ ನಿಯಮ ಜಾರಿ. ಒಬ್ಬೊಬ್ರ ಕೇಸು ವರ್ಷಗಟ್ಲೆ ವಿಚಾರಿಸೋ ಬದ್ಲು ಎಲ್ರಿಗೂ ಒಟ್ಟಿಗೆ ವಾಸ, ಕೆಲಸ, ಶಾಲೆ, ಆಸ್ಪತ್ರೆ. ಆ ನಿಯಮ 2001ರಿಂದಲೇ ಪುಸ್ತಕದಲ್ಲಿತ್ತು, 2015ರಲ್ಲಿ ಸಿರಿಯಾದೋರು ದೋಣಿಲಿ ಮುಳುಗ್ತಿದ್ದಾಗ ಯಾರೂ ಆ ಪುಟ ತೆಗೀಲಿಲ್ಲ. ಮನಸಿದ್ರೆ ಎಂಟೊಂಬತ್ತು ದಿನ ಸಾಕು ಅಂತ ಆಯ್ತಲ್ಲ.

ಅವ್ರು ಬಂದ್ರೆ ನಮ್ಮೋರ ಕೂಲಿ ಕಮ್ಮಿ ಆಗಲ್ವಾ?

ಆಗ್ಬೋದು, ಕಾಗದ ಇಲ್ದೆ ಬಿಟ್ರೆ ಖಂಡಿತ ಆಗತ್ತೆ. ಕಾನೂನು ಪ್ರಕಾರ ಕೆಲಸ ಮಾಡೋ ಹಾಗಿಲ್ಲ ಅಂದ ಮಾತ್ರಕ್ಕೆ ಹೊಟ್ಟೆ ಸುಮ್ನಿರಲ್ಲ, ಕದ್ದುಮುಚ್ಚಿ ಅರ್ಧ ಕೂಲಿಗೆ ಹೋಗ್ತಾರೆ, ಕೊಡೋನಿಗೆ ಅದೇ ಬೇಕು. ದೂರು ಕೊಡೋಕಾಗದ ಕೂಲಿಯವ್ನು ಇದ್ರೆ ಪಕ್ಕದಲ್ಲಿರೋ ದೂರು ಕೊಡ್ಬೋದಾದವ್ನ ರೇಟೂ ಬೀಳತ್ತೆ. ತೋಟದಲ್ಲಿ ರೈಟರ್ (ಕೂಲಿ ಲೆಕ್ಕ ಬರಿಯೋ) ಕೆಲಸ ಮಾಡಿದೋರ್ನ ಯಾರನ್ನಾದ್ರೂ ಕೇಳಿ. ಜರ್ಮನಿಗೆ 2015ರಲ್ಲಿ ಒಂಬತ್ತು ಲಕ್ಷದ ಹತ್ರ ಜನ ಬಂದ್ರು, ಭಾಷೆ ಕ್ಲಾಸು, ಕೆಲಸದ ಪರ್ಮಿಟ್ಟು ಅಂತ ದುಡ್ಡು ಸುರಿದ್ರು, ಏಳೆಂಟು ವರ್ಷದಲ್ಲಿ ಅವ್ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದುಡೀತಿದ್ರು. ಮೊದಲ್ನೇ ಎರಡು ಮೂರು ವರ್ಷ ಖರ್ಚೇ, ಅದನ್ನ ಮುಚ್ಚಿಡೋದು ತಪ್ಪು.

ಮಧ್ಯದಲ್ಲಿ ಉಗ್ರರು ಸೇರ್ಕೊಂಡು ಬಂದ್ರೆ?

ನ್ಯಾಯವಾದ ಭಯ. 2015ರ ನವೆಂಬರ್ ಪ್ಯಾರಿಸ್ ದಾಳಿ ಮಾಡಿದೋರಲ್ಲಿ ಇಬ್ರು ಸುಳ್ಳು ಸಿರಿಯಾ ಪಾಸ್‌ಪೋರ್ಟ್ ತೋರ್ಸಿ ಗ್ರೀಸ್ ದ್ವೀಪದ ಮೂಲಕ ನುಗ್ಗಿದ್ರು. 1951ರ ಒಪ್ಪಂದದಲ್ಲೇ ಯುದ್ಧಾಪರಾಧ ಮಾಡಿದೋರಿಗೆ ರಕ್ಷಣೆ ಇಲ್ಲ ಅಂತ ಬರ್ದಿದೆ. ಆದ್ರೆ ಇದಕ್ಕೆ ಮದ್ದು ಏನು? ಬೆರಳಚ್ಚು, ಫೋಟೋ, ನೋಂದಣಿ, ವಿಚಾರಣೆ. ಗೇಟ್ ಮುಚ್ಚಿದ್ರೆ ಜನ ಬೇಲಿ ಹಾರಿ ಬರ್ತಾರೆ, ಆಗ ಯಾರು ಬಂದ್ರು ಯಾರು ಹೋದ್ರು ನಿಮ್ಗೆ ಲೆಕ್ಕಾನೇ ಸಿಗಲ್ಲ.

ಸುಳ್ಯದ ರಬ್ಬರ್ ತೋಟದ ತಮಿಳ್ರು ನಿರಾಶ್ರಿತರಾ?

ಅಲ್ಲ, ಆದ್ರೆ ಜನ ಹಾಗೇ ಕರೀತಾರೆ. ಸಂಪಾಜೆ ಘಾಟಿ ಇಳಿದ್ರೆ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ಇದ್ಯಲ್ಲ, ಅಲ್ಲಿರೋರು 1964ರಲ್ಲಿ ಭಾರತ, ಲಂಕಾ ಪ್ರಧಾನಿಗಳು ಮಾಡ್ಕೊಂಡ ಶಾಸ್ತ್ರಿ ಸಿರಿಮಾವೋ ಒಪ್ಪಂದದ ಪ್ರಕಾರ ಶ್ರೀಲಂಕಾ ಟೀ ಎಸ್ಟೇಟ್‌ಗಳಿಂದ ವಾಪಸ್ ಕರ್ಕೊಂಡವ್ರು. ಬ್ರಿಟಿಷರು ಅವ್ರ ಅಜ್ಜಂದಿರನ್ನ ಕೂಲಿಗೆ ಅಂತ ಒಯ್ದಿದ್ರು. 1983ರ ಗಲಭೆ ಆದ್ಮೇಲೆ ದೋಣಿಲಿ ತಮಿಳುನಾಡಿಗೆ ಬಂದೋರು ಬೇರೆ, ಅವ್ರು ಯುದ್ಧ ನಿರಾಶ್ರಿತರು, ಇವತ್ತಿಗೂ ಸಾವಿರಾರು ಜನ ಕ್ಯಾಂಪಲ್ಲಿದ್ದಾರೆ.

ಯುದ್ಧ ಮುಗಿದ್ಮೇಲೆ ವಾಪಸ್ ಹೋಗ್ತಾರಾ?

1971ರಲ್ಲಿ ಬಂದೋರಲ್ಲಿ ಬಹುಪಾಲು ಜನ ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಹೊರಟ್ರು. 2024ರ ಡಿಸೆಂಬರ್‌ನಲ್ಲಿ ಅಸ್ಸಾದ್ ಓಡಿಹೋದ್ಮೇಲೆ ಸಿರಿಯಾಗೆ ಲಕ್ಷಗಟ್ಲೆ ಜನ ಗಂಟುಮೂಟೆ ಕಟ್ಕೊಂಡು ವಾಪಸ್ ಹೋದ್ರು. ಟಿಬೇಟಿನೋರಿಗೆ 60 ವರ್ಷ ದಾಟ್ತು. ಯಾವ್ದು ಎಷ್ಟು ದಿನ ಅಂತ ಬಂದ ದಿನ ಯಾರಿಗೂ ಹೇಳೋಕಾಗಲ್ಲ, ಹಂಗಾಗಿ ನಾಳೆ ಹೋಗ್ತಾರೆ ಅಂದ್ಕೊಂಡು ಶಾಲೆ ಕಟ್ದೆ ಇರೋದು ದಡ್ಡತನ. ಓದಿದ ಮಗು ವಾಪಸ್ ಹೋದ್ರೂ ಲಾಭ, ಉಳಿದ್ರೂ ಲಾಭ.

ಭಾರತ ಏನ್ ಮಾಡ್ಬೇಕು ಅಂತೀರಾ?

ಒಂದು ಕಾನೂನು, ಎಲ್ರಿಗೂ ಒಂದೇ. ಈಗ ಟಿಬೇಟಿನೋರಿಗೆ ಒಂದು ನೀತಿ, ಲಂಕಾದೋರಿಗೆ ಇನ್ನೊಂದು, 2021ರ ಮಿಲಿಟರಿ ದಂಗೆ ಆದ್ಮೇಲೆ ಮ್ಯಾನ್ಮಾರಿಂದ ಮಿಜೋರಾಂಗೆ ಬಂದ ಚಿನ್ ಜನರಿಗೆ ಅಲ್ಲಿನ ಊರಿನೋರೂ ಚರ್ಚುಗಳೂ ಅನ್ನ ಹಾಕ್ತಿವೆ, ರೋಹಿಂಗ್ಯಾ ಬಂದ್ರೆ ನುಸುಳುಕೋರರು. 2019ರ ಪೌರತ್ವ ತಿದ್ದುಪಡಿಲಿ ಮೂರು ದೇಶ, ಆರು ಧರ್ಮ ಅಂತ ಇಟ್ರು, ಅದ್ರಲ್ಲಿ ನಮ್ಮ ಪಕ್ಕದ ಬೈಲಕುಪ್ಪೆಯೋರೂ ಬರಲ್ಲ, ಲಂಕಾ ತಮಿಳ್ರೂ ಬರಲ್ಲ. ಯಾವ ದೇಶ, ಯಾವ ಧರ್ಮ ಅಂತ ಕೇಳೋಕ್ಕೆ ಮುಂಚೆ ವಾಪಸ್ ಹೋದ್ರೆ ಏನಾಗತ್ತೆ ಅಂತ ಕೇಳ್ಬೇಕು ಅನ್ನೋದು ನನ್ನ ಅಭಿಪ್ರಾಯ. ಈ ಮಾತಿಗೆ ಅಂಗಡಿಲಿ ಇಬ್ರು ಗಿರಾಕಿಗಳನ್ನ ಕಳ್ಕೊಂಡಿದೀನಿ, ಒಬ್ರು ವಾಪಸ್ ಬಂದ್ರು.

ಲೈನ್‌ಮನೆಲಿರೋರು ಬಾಂಗ್ಲಾದೋರಾ ಅಂತ ಗೊತ್ತಾಗೋದು ಹೆಂಗೆ?

ಮುಖ ನೋಡಿ, ಭಾಷೆ ಕೇಳಿ ಗೊತ್ತಾಗಲ್ಲ. ಬಂಗಾಳಿ ಮಾತಾಡೋರು ಅಸ್ಸಾಂನಲ್ಲೂ ಇದ್ದಾರೆ, ಪಶ್ಚಿಮ ಬಂಗಾಳದಲ್ಲಂತೂ ಇದ್ದೇ ಇದ್ದಾರೆ. ದಾಖಲೆ ಪರಿಶೀಲನೆ ಪೊಲೀಸರ ಕೆಲಸ, ವಾಟ್ಸಾಪ್ ಗ್ರೂಪಿಂದಲ್ಲ. ಕೆಲಸಕ್ಕಿಟ್ಕೊಂಡೋರು ಹೆಸರು ಬರ್ಸಿ, ಕೂಲಿ ಪೂರ್ತಿ ಕೊಡಿ. ಅವ್ರ ಒರಿಜಿನಲ್ ಆಧಾರ್ ಕಿತ್ಕೊಂಡು ಬೀರುಲಿಡೋ ಸಾಹುಕಾರ್ರು ಇದ್ದಾರೆ, ದಯವಿಟ್ಟು ಬೇಡ, ಕಾಪಿ ಸಾಕು, ಎರಡೇ ರೂಪಾಯಿ.

ಆರ್‌ಸಿ ಲ್ಯಾಮಿನೇಷನ್ ಮಾಡಿಸ್ಬೋದಾ?

ಇದು ಕ್ಯಾಂಪಿನೋರು ಕೇಳೋದು, ತಿಂಗಳಿಗೆ ಐದಾರು ಸಲ. ಮಾಡಿಸ್ಬೇಡಿ. ರಿನ್ಯೂವಲ್ ಬಂದಾಗ ಅದ್ರ ಮೇಲೆ ಸೀಲ್ ಬೀಳ್ಬೇಕಾದ್ರೆ ಪ್ಲಾಸ್ಟಿಕ್ ಮೇಲೆ ಇಂಕು ನಿಲ್ಲಲ್ಲ, ಬಿಚ್ಚೋಕೆ ಹೋದ್ರೆ ಹಾಳೆನೇ ಹರಿಯತ್ತೆ. ಜಿಪ್ ಇರೋ ಕವರ್ ಹತ್ತು ರೂಪಾಯಿಗೆ ಸಿಗತ್ತೆ, ಅದ್ರಲ್ಲಿ ಹಾಕಿಡಿ, ಮಳೆಗಾಲದಲ್ಲಿ ಜೊತೆಗೆ ಒಂದು ಚೂರು ನ್ಯೂಸ್‌ಪೇಪರ್ ಇಡಿ, ತೇವ ಎಳ್ಕೊಳತ್ತೆ.